ಬಾವಿಕಟ್ಟೆ ಬದನೆಯ ಹತ್ತೊಂಬತ್ತು ಗಿಡ

ಕೇಶರಬಾಯಿಯ ಮಾಳಿಗೆ ಹತ್ತಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಒಂದು ಕಮೋಡು. ಅಂಚು ಒಡೆದ ಬಿಳಿ ಕಮೋಡು. ಬೀದರಿನ ಯಾವುದೋ ಲಾಡ್ಜಿನವರು ಕಿತ್ತು ಬೀದಿಗೆ ಎಸೆದದ್ದನ್ನು ಆಟೊದಲ್ಲಿ ಹಾಕಿಸಿಕೊಂಡು ಬಂದು, ಮೂರು ಸಲ ಫಿನೈಲಿನಲ್ಲಿ ತಿಕ್ಕಿ, ಕೆಮ್ಮಣ್ಣು ತುಂಬಿ ಅದರಲ್ಲಿ ದಾಸವಾಳ ಹಚ್ಚಿದ್ದಳು ಮಹಾತಾಯಿ. ಅದನ್ನು ಕಂಡಂದಿನಿಂದ ಗಂಡ ವೈಜಿನಾಥ ಆಫೀಸಿನ ಗೆಳೆಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದ. ಅವನು ಗೊಣಗಿದಾಗಲೆಲ್ಲ ಆಕೆಯದು ಒಂದೇ ಉತ್ತರ: "ತಾನು ಯಾವುದರಾಗ ಕುಂತೇನಿ ಅಂತ ದಾಸವಾಳಕ್ಕ ಗೊತ್ತದೇನ್ರಿ? ಅದಕ್ಕಿಲ್ಲದ ನಾಚಿಕಿ ನಿಮಗ್ಯಾಕ?"

ಕಮೋಡಿನ ಆಚೆಗೆ ಉಳಿದ ಸಂಸಾರ. ತಳ ಹೋದ ಕೂಲರ್ ಡಬ್ಬಿಯಲ್ಲಿ ಪಾಲಕ, ಎಣ್ಣೆ ಡಬ್ಬಗಳಲ್ಲಿ ಮೆಂತ್ಯ, ಬಿರುಕು ಬಿಟ್ಟ ಹೆಲ್ಮೆಟ್ಟಿನಲ್ಲಿ ಪುದೀನ. ಗಾಂಧಿ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳ ಮುಂದೆ ಬಿದ್ದಿರುತ್ತಿದ್ದ ಹರಕು ತೊಗರಿ ಚೀಲಗಳನ್ನು ಹಮಾಲರ ಕೈಯಿಂದ ಕೇಳಿ ತಂದು, ಹೊಲಿದು, ಅವುಗಳಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದಳು. 'ವೇಸ್ಟ್' ಎಂಬ ಮಾತು ಆಕೆಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಆ ಮಾತು ಆಡಿದರೆ ತನ್ನನ್ನೇ ಬೈದಷ್ಟು ಸಿಟ್ಟು. "ವೇಸ್ಟ್ ಅನ್ನೋದು ಇಲ್ಲ. ಮೈಗಳ್ಳರು ಅದಾರ ಅಷ್ಟೇ" ಎಂದು ಝಾಡಿಸಿಬಿಡುತ್ತಿದ್ದಳು.

ಆಕೆ ಭಾಲ್ಕಿ ಕಡೆಯ ಒಂದು ಹಳ್ಳಿಯ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸಿಸ್ಟರ್. ಹೀಗಾಗಿ ಗಿಡಗಳಿಗೆ ನೀರು ಕೊಡುವ ಆಕೆಯ ರೀತಿಯೂ ಬೇರೆಯೇ. ಖಾಲಿಯಾದ ಗ್ಲೂಕೋಸ್ ಬಾಟಲಿಗಳನ್ನು ಕುದಿನೀರಿನಲ್ಲಿ ತೊಳೆದು ತಂದು, ನಳಿಗೆಯ ಸಮೇತ ಬಿದಿರಿನ ಗಳಕ್ಕೆ ತಲೆಕೆಳಗಾಗಿ ತೂಗುಹಾಕಿದ್ದಳು. ಗಿಡಕ್ಕೊಂದು ಬಾಟಲಿ. ಬೆಳಿಗ್ಗೆ ಭಾಲ್ಕಿ ಬಸ್ಸಿಗೆ ಹೋಗುವ ಮೊದಲು ವಾರ್ಡಿನಲ್ಲಿ ರೌಂಡ್ಸ್ ಹೊಡೆದ ಹಾಗೆ ಸಾಲಿನುದ್ದಕ್ಕೂ ನಡೆದು, ಕೈಗಡಿಯಾರ ನೋಡುತ್ತ, ನಳಿಗೆಯ ಗಾಲಿಯನ್ನು ತಿರುವಿ, ನಿಮಿಷಕ್ಕೆ ಹತ್ತು ಹನಿ ಎಂದು ಗೊತ್ತುಮಾಡಿ ಇಳಿಯುತ್ತಿದ್ದಳು. ಬರದ ವರ್ಷ. ಎರಡು ಮಳೆಗಾಲ ಕೈಕೊಟ್ಟು, ಬೀದರಿನಲ್ಲಿ ನಲ್ಲಿ ವಾರಕ್ಕೊಮ್ಮೆ ಕೆಮ್ಮುತ್ತಿದ್ದ ಕಾಲದಲ್ಲೂ ಆಕೆಯ ಮಾಳಿಗೆ ಹಸಿರಾಗಿತ್ತು. ಆ ಹೆಮ್ಮೆ ಆಕೆಗೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ಆ ಹೆಮ್ಮೆಯ ಕಾರಣಕ್ಕೇ ಶಾಲುಬಾಯಿ ತನ್ನ ಬೀಜದ ಗಂಟನ್ನು ಆಕೆಯ ಕೈಗೆ ಕೊಟ್ಟದ್ದು.

ಶಾಲುಬಾಯಿ ಎಂದರೆ ವೈಜಿನಾಥನ ತಮ್ಮ ಮಚ್ಛೇಂದ್ರನ ಹೆಂಡತಿ, ಔರಾದ ತಾಲೂಕಿನ ಊರಲ್ಲಿ ಹೊಲ ನೋಡಿಕೊಂಡಿದ್ದವಳು. ಇಬ್ಬರಿಗೂ ಅತ್ತೆಯಾದ ಸುಭದ್ರಾಬಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೆ ಬಾವಿಯ ಕಟ್ಟೆಯ ಪಕ್ಕದಲ್ಲಿ ಆಕೆ ಬೆಳೆಯುತ್ತಿದ್ದ ಬದನೆ ತೀರಿರಲಿಲ್ಲ. ಗಿಡ್ಡನೆಯ ಕಾಯಿ, ಹಸಿರು ಮೈಯ ಮೇಲೆ ಬಿಳಿ ಪಟ್ಟಿ, ತೊಟ್ಟಿನ ತುಂಬ ಮುಳ್ಳು. ಔರಾದ ಸಂತೆಯಲ್ಲಿ ಶಾಲುಬಾಯಿ ಬುಟ್ಟಿ ಇಳಿಸುವ ಮೊದಲೇ ಗಿರಾಕಿಗಳು ನಿಂತಿರುತ್ತಿದ್ದರು. "ಬಾವಿಕಟ್ಟಿ ಬದನಿ ಬಂದದೇನ್ರಿ?" ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಬೇರೆ ಯಾರ ಹೊಲದಲ್ಲೂ ಆ ಬೀಜ ಇರಲಿಲ್ಲ. ಆ ಬದನೆಯಿಂದಲೇ ಶಾಲುಬಾಯಿಗೆ ಸಂತೆಯಲ್ಲಿ ಒಂದು ಜಾಗ, ಒಂದು ಹೆಸರು.

ಬಾವಿ ಬತ್ತಿತು. ಗಂಡ ಹೆಂಡತಿ ಪುಣೆಗೆ, ಕಟ್ಟಡದ ಕೆಲಸಕ್ಕೆ ಹೊರಟರು. ಆ ಮಧ್ಯಾಹ್ನ ಭಾಲ್ಕಿ ಸ್ಟೇಶನ್ನಿನಲ್ಲಿ ಗಂಟುಮೂಟೆ ಹೊತ್ತ ಅರ್ಧ ಔರಾದ ನಿಂತಂತಿತ್ತು. ಕೇಶರಬಾಯಿ ಡ್ಯೂಟಿಯಿಂದ ನೇರವಾಗಿ ಅಲ್ಲಿಗೆ ಬಂದಿದ್ದಳು. ಶಾಲುಬಾಯಿ ಸೆರಗಿನ ತುದಿಯಿಂದ ಬೂದಿ ಮೆತ್ತಿದ ಒಂದು ಬಟ್ಟೆಯ ಗಂಟು ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟಳು.

"ಅಕ್ಕಾ, ಇವು ಹಳೆ ಬೀಜ. ಹೋದ ವರ್ಷ ಕಾಯಿ ಹಣ್ಣಾಗೋ ಮೊದಲೇ ಗಿಡ ಒಣಗಿದ್ವು, ಹೊಸ ಬೀಜ ಸಿಗಲಿಲ್ಲ. ಈ ಸಲ ಹಾಕದಿದ್ರ ಮುಂದ ಮೊಳಕಿ ಒಡಿಯಲ್ಲ. ನಿಮ್ಮ ಮಾಳಗಿ ಮ್ಯಾಲ ನಾಕು ಗಿಡ ಎಬ್ಬಿಸಿ, ಕಾಯಿ ಹಣ್ಣು ಮಾಡಿ, ಬೀಜ ತಗದು ಇಡ್ರಿ. ಮಳಿ ಬಿದ್ದ ಮರುದಿನ ಬರ್ತೇನಿ."

"ನಾಕಲ್ಲ, ನಲವತ್ತು ಎಬ್ಬಿಸ್ತೇನಿ. ನೀ ಚಿಂತಿ ಮಾಡಬ್ಯಾಡ ಹೋಗು" ಎಂದಿದ್ದಳು ಕೇಶರಬಾಯಿ. ಹೇಗೆ ಹೇಳಿದ್ದಳು! ಪೇಶಂಟಿನ ಕಡೆಯವರಿಗೆ ಹೇಳುವ ಹಾಗೆ.

ನಲವತ್ತು ಏಳಲಿಲ್ಲ. ಬೀಜ ನಿಜಕ್ಕೂ ಮುದಿಯಾಗಿತ್ತು. ಮೊದಲು ಅರ್ಧ ಹಾಕಿದಳು, ಮೂರು ಮೊಳಕೆ. ಹೆದರಿ ಉಳಿದ ಅರ್ಧವನ್ನೂ ಹಾಕಿದಳು. ಗಂಟು ಝಾಡಿಸಿ ಕೊನೆಯ ಬೀಜದವರೆಗೂ ಹಾಕಿದ ಮೇಲೆ ಒಟ್ಟು ಹತ್ತೊಂಬತ್ತು ಸಸಿ. ಹತ್ತೊಂಬತ್ತಕ್ಕೂ ಒಂದೊಂದು ತೊಗರಿ ಚೀಲ, ಒಂದೊಂದು ಬಾಟಲಿ. ಸಂಕ್ರಾಂತಿಯ ಹೊತ್ತಿಗೆ ಮೊಣಕಾಲುದ್ದ ಬಂದವು. ಕೇಶರಬಾಯಿ ಪುಣೆಗೆ ಫೋನು ಮಾಡಿ, "ಎಲಿ ನೋಡು, ಅಂಗೈ ಅಗಲ ಆಗ್ಯಾವ" ಎಂದಳು. ಆ ಕಡೆ ಕಾಂಕ್ರೀಟ್ ಮಿಕ್ಸರಿನ ಗದ್ದಲದ ನಡುವೆ ಶಾಲುಬಾಯಿ ನಕ್ಕದ್ದು ಕೇಳಿಸಿತು.

ಫೆಬ್ರುವರಿಯಲ್ಲಿ ನಲ್ಲಿ ಹತ್ತು ದಿನಕ್ಕೊಮ್ಮೆಯಾಯಿತು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಕಾಲು ತೊಳೆದ ನೀರು ಎಲ್ಲ ಸೇರಿಸಿದರೂ ಹತ್ತೊಂಬತ್ತು ಬಾಟಲಿ ತುಂಬುತ್ತಿರಲಿಲ್ಲ. ಆಗ ಆಕೆಯ ಕಣ್ಣು ಗಲ್ಲಿಯ ತುದಿಯ ಕುಡಿಯುವ ನೀರಿನ ಘಟಕದ ಮೇಲೆ ಬಿತ್ತು. ಊರ ಮಂದಿಯೆಲ್ಲ ಕ್ಯಾನು ಹಿಡಿದು ಮುಂದಿನ ನಲ್ಲಿಗೆ ಸಾಲು ನಿಂತಿದ್ದರೆ, ಹಿಂದಿನ ಗೋಡೆಯಿಂದ ಒಂದು ಪೈಪು ಸುಮ್ಮನೆ ಗಟಾರಕ್ಕೆ ನೀರು ಸುರಿಯುತ್ತಿತ್ತು. ಕನ್ನಡಿಯ ಹಾಗೆ ತಿಳಿಯಾದ ನೀರು.

ಘಟಕ ನೋಡಿಕೊಳ್ಳುತ್ತಿದ್ದವನು ಬಸವಣ್ಣೆಪ್ಪ. ನೇರವಾಗಿ ಹೋಗಿ ತರಾಟೆಗೆ ತೆಗೆದುಕೊಂಡಳು. "ಏನ್ರಿ ಇದು? ಮಂದಿ ನೀರಿಲ್ಲದ ಸಾಯ್ಲಿಕತ್ತಾರ, ನೀವು ಗಟಾರಕ್ಕ ಕುಡಸ್ತೀರೇನು?"

"ಅದು ವೇಸ್ಟ್ ನೀರ್ರಿ ಬಾಯಿ, ಮಷೀನ ಬಿಡೋದು" ಎಂದ ಅವನು.

ಆ ಒಂದು ಮಾತು ಅವನು ಆಡಬಾರದಿತ್ತು. "ವೇಸ್ಟ್ ಅಂತ! ನಾಳಿಯಿಂದ ನನ್ನ ಕೊಡ ಇಲ್ಲಿ ಇರ್ತಾವ" ಎಂದಳು.

"ಒಯ್ರಿ, ನನ್ನ ಗಂಟೇನು ಹೋಗ್ತದ. ಖರೇ, ಉಪ್ಪಿನ ನೀರು ನೋಡ್ರಿ ಅದು. ಗಿಡಕ್ಕ ಹಾಕ್ತೀರಂದ್ರ ಜರಾ ವಿಚಾರ ಮಾಡ್ರಿ."

ಕೇಶರಬಾಯಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದಳು. ಸ್ವಲ್ಪ ಉಪ್ಪು, ಸ್ವಲ್ಪ ಒಗರು, ಅಷ್ಟೇ. ನಕ್ಕುಬಿಟ್ಟಳು. "ಬಸವಣ್ಣೆಪ್ಪಾ, ಇಪ್ಪತ್ತೆಂಟು ವರ್ಷ ವಾಂತಿಭೇದಿ ಆದ ಕೂಸುಗಳಿಗೆ ಉಪ್ಪುಸಕ್ಕರಿ ನೀರ ಕುಡಿಸಿ ಬದುಕಿಸೀನಿ. ಈಟು ಉಪ್ಪಿಗಿ ಏನಾಗ್ತದ? ನನಗ ಕಲಸಬ್ಯಾಡ." ಅವನು ಕೈ ಝಾಡಿಸಿ ಕ್ಯಾನು ತುಂಬಲು ಹೋದ. ವೈಜಿನಾಥನಿಗೆ ಸಂಜೆ ಈ ಸಂಗತಿಯನ್ನು ಎರಡು ಸಲ ಹೇಳಿ ನಗಿಸಿದಳು. ಫುಕಟ್ ನೀರು, ಬೇಕಾದಷ್ಟು ನೀರು!

ಒಂದು ತಿಂಗಳು ಎಲ್ಲ ಸರಿಯಾಗಿತ್ತು. ಹತ್ತೊಂಬತ್ತರಲ್ಲೂ ಹೂವು. ಮಾರ್ಚ್ ಬಿಸಿಲು ಏರುತ್ತಿದ್ದಂತೆ ಎಲೆಗಳ ಅಂಚು ಕಂದಿತು. ಒಂದರದ್ದಲ್ಲ, ಸಾಲಿಗೆ ಸಾಲೇ, ಕಾಗದದ ಅಂಚಿಗೆ ಕಡ್ಡಿ ಗೀರಿದ ಹಾಗೆ. ಕೇಶರಬಾಯಿ ಎಲೆ ಮುಟ್ಟಿ ನೋಡಿದಳು, ಮಗುಚಿ ನೋಡಿದಳು. ನೀರು ಸಾಲುತ್ತಿಲ್ಲ ಎಂದು ತೀರ್ಮಾನಿಸಿದಳು. ನಿರ್ಜಲೀಕರಣ. ಆಕೆಗೆ ಗೊತ್ತಿದ್ದ ಕಾಯಿಲೆ. ಗಾಲಿ ತಿರುವಿ ಹನಿಯನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದಳು. ವಾರದ ಮೇಲೆ ಹೂವು ಉದುರತೊಡಗಿದಾಗ ಮೂವತ್ತಕ್ಕೆ. ಘಟಕದಿಂದ ದಿನಕ್ಕೆ ನಾಲ್ಕು ಕೊಡ ಹೊರುತ್ತಿದ್ದವಳು ಎಂಟು ಕೊಡ ಹೊತ್ತಳು. ಸೊಂಟ ಹಿಡಿಯಿತು. ಅಯೋಡೆಕ್ಸು ತಿಕ್ಕಿಕೊಂಡು ಮತ್ತೆ ಹೊತ್ತಳು. ಅಷ್ಟು ಕುಡಿಸಿದರೂ ಗಿಡಗಳು ಬಾಯಾರಿದವರಂತೆ ಜೋತುಬಿದ್ದಿದ್ದವು. ಆಕೆಗೆ ಅಳುವಷ್ಟು ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ಗೊತ್ತಾಗದಿದ್ದರೇನು, ಕೈಗೆ ಸಿಕ್ಕವಳು ಮರಿಯಮಬೀ. ಕೆಳಗಿನ ಮನೆಯವಳು. ಅದೇ ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಳು. ಹಸಿ ಬಟ್ಟೆಯಿಂದ ನೀರು ಸೋರಿ ಕೊನೆಯ ಎರಡು ಚೀಲಗಳ ಮೇಲೆ ಬೀಳುತ್ತಿದ್ದದ್ದನ್ನು ಕೇಶರಬಾಯಿ ನೋಡಿದಳು. ಚೀಲದ ಮಣ್ಣಿನ ಮೇಲೆ ಬಿಳಿ ಪುಡಿಯಂಥದು ಕಟ್ಟಿತ್ತು. ಸಿಕ್ಕಿತಲ್ಲ ಕಾರಣ!

"ನಿನ್ನ ಸೋಡಾ ಪುಡಿ ಎಲ್ಲಾ ನನ್ನ ಗಿಡದಾಗ ಇಳ್ಯಾಕತ್ತದ ನೋಡು. ಬಿಳಿ ಕಟ್ಯಾದ!"

"ಅರೆ ಬಾಯಿ, ನನ್ನ ಹಗ್ಗ ಎರಡು ಚೀಲದ ಮ್ಯಾಲ ಅದ. ಬಿಳಿ ಆಗಿದ್ದು ಹತ್ತೊಂಬತ್ತೂ. ಆ ಹದಿನೇಳಕ್ಕ ನಾ ಏನ ಮಾಡೀನಿ?" ಎಂದಳು ಮರಿಯಮಬೀ.

ನ್ಯಾಯವಾದ ಮಾತು. ನ್ಯಾಯವಾದ ಮಾತು ಕೇಳಿದರೆ ಸಿಟ್ಟಿನಲ್ಲಿದ್ದವರಿಗೆ ಇನ್ನೂ ಸಿಟ್ಟು ಬರುತ್ತದೆ. ಕೇಶರಬಾಯಿ ಕತ್ತರಿ ತಂದು ಹಗ್ಗವನ್ನು ಕತ್ತರಿಸಿಬಿಟ್ಟಳು. ತೊಳೆದ ಚಾದರು, ಮಕ್ಕಳ ಅಂಗಿ, ಎಲ್ಲ ಕೆಮ್ಮಣ್ಣಿನ ಧೂಳಿಗೆ ಬಿದ್ದವು. ನೀರಿಲ್ಲದ ಕಾಲದಲ್ಲಿ ಎರಡನೆಯ ಸಲ ಒಗೆಯುವುದೆಲ್ಲಿಂದ? ಮರಿಯಮಬೀ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಝಾಡಿಸಿ ತೋಳಿನ ಮೇಲೆ ಹಾಕಿಕೊಂಡು ಕೆಳಗಿಳಿದಳು. ಹನ್ನೆರಡು ವರ್ಷ ಒಂದೇ ಕಟ್ಟಡದ ಮೇಲೆ ಕೆಳಗೆ ಇದ್ದವರು ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ನಡೆದರು.

ಹಗ್ಗ ಹೋಯಿತು. ಗಿಡಗಳು ಚೇತರಿಸಿಕೊಳ್ಳಲಿಲ್ಲ.

ಏಪ್ರಿಲ್ ಮೊದಲ ರವಿವಾರ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಮೂರು ಬಾಟಲಿಗಳಲ್ಲಿ ಹನಿ ನಿಂತಿತ್ತು. ನಳಿಗೆ ಕಟ್ಟಿದರೆ ಏನು ಮಾಡಬೇಕೆಂದು ಸಿಸ್ಟರಿಗೆ ಹೇಳಿಕೊಡಬೇಕೇ? ಬಿಚ್ಚಿದಳು, ಊದಿದಳು, ಸೂಜಿಯಿಂದ ಚುಚ್ಚಿದಳು. ನಳಿಗೆಯ ಬಾಯಿಂದ ಅಂಗೈ ಮೇಲೆ ಬಿಳಿಯ ಹರಳು ಉದುರಿತು. ಇಲ್ಲಿ ಯಾರ ಬಟ್ಟೆಯೂ ಸೋರಿರಲಿಲ್ಲ. ನಳಿಗೆಯೊಳಗೆ ಆಕೆ ಹೊತ್ತು ತಂದ ನೀರಲ್ಲದೆ ಬೇರೇನೂ ಹೋಗಿರಲಿಲ್ಲ. ಹರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಘಟಕಕ್ಕೆ ಹೋದಳು. ಬಸವಣ್ಣೆಪ್ಪ ಅವಳ ಅಂಗೈ ನೋಡಿ ಮುಖ ಸಣ್ಣದು ಮಾಡಿದ. "ನಾ ಹೇಳಿದ್ನಲ್ರಿ ಬಾಯಿ. ಇಡೀ ಗಲ್ಲಿ ಕುಡಿಯೋ ನೀರಿನಾಗಿನ ಉಪ್ಪು, ಸುಣ್ಣ ಎಲ್ಲಾ ತಗದು ಮಷೀನ ಆ ಪೈಪಿನಾಗ ನೂಕ್ತದ. ಒಂದಿನ ಎರಡು ದಿನ ಹಾಕಿದ್ರ ನಡೀತದ. ದಿನಾ ಹಾಕಿದ್ರ ಮಣ್ಣಿನಾಗೇ ಕುಂದರ್ತದ. ನೀವು ಕೇಳಲಿಲ್ಲ. ನೀವು ಸಿಸ್ಟರ್ ಇದ್ದೀರಿ, ನಾ ಏನ ಹೇಳಲಿ?"

ಅಯ್ಯೋ ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ, ಎಂದುಕೊಂಡಳು ಕೇಶರಬಾಯಿ. ಗಿಡ ಬಾಡಿದಷ್ಟೂ ಹೆಚ್ಚು ಕುಡಿಸಿದ್ದಳು. ಹೆಚ್ಚು ಕುಡಿಸಿದಷ್ಟೂ ಅವು ಬಾಡಿದ್ದವು. ಯಾವ ಮದ್ದಿನಿಂದ ರೋಗಿ ಸಾಯುತ್ತಿದ್ದಾನೋ ಅದೇ ಮದ್ದನ್ನು ಎರಡು ಪಟ್ಟು, ಮೂರು ಪಟ್ಟು ಏರಿಸಿದ್ದಳು. ದವಾಖಾನೆಯಲ್ಲಿ ಹೀಗೆ ಮಾಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು.

ಆವತ್ತೇ, ಹುಟ್ಟಿದಾರಭ್ಯ ಮಾಡದ ಕೆಲಸ ಮಾಡಿದಳು. ಮುಂದಿನ ನಲ್ಲಿಗೆ ಸಾಲು ನಿಂತು, ಕುಡಿಯುವ ಸಿಹಿನೀರನ್ನು ಕೊಂಡು ಗಿಡಗಳಿಗೆ ಸುರಿದಳು. ಚೀಲದ ತಳದಿಂದ ಉಪ್ಪು ತೊಳೆದುಹೋಗಲಿ ಎಂದು ಮೇಲಿಂದ ಮೇಲೆ ಸುರಿದಳು. ಸಾಲಿನಲ್ಲಿದ್ದ ಒಬ್ಬಳು, "ನಮ್ಮ ಮನ್ಯಾಗ ಅನ್ನಕ್ಕ ನೀರಿಲ್ಲ, ಇವರು ಗಿಡಕ್ಕ ಬಿಸ್ಲರಿ ಹಾಕ್ತಾರ" ಎಂದದ್ದು ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಆ ದಿನ ತಲೆ ತಗ್ಗಿಸಿ ಕ್ಯಾನು ಎತ್ತಿಕೊಂಡು ಬಂದಳು.

ತಡವಾಗಿತ್ತು. ಹದಿನೈದು ದಿನದಲ್ಲಿ ಹದಿನೆಂಟು ಗಿಡ ಕಟ್ಟಿಗೆಯಾದವು. ಹತ್ತೊಂಬತ್ತನೆಯದರಲ್ಲಿ ನಾಲ್ಕು ಎಲೆ, ಒಂದೇ ಒಂದು ಕಾಯಿ ಉಳಿದಿತ್ತು. ಆ ಕಾಯಿಗೆ ಹಳೆಯ ಕೊಡೆಯ ಬಟ್ಟೆಯಿಂದ ನೆರಳು ಕಟ್ಟಿದಳು. ದವಾಖಾನೆಯಿಂದ ಮಧ್ಯಾಹ್ನ, ಊಟಕ್ಕೆ ಮನೆಗೆ ಬಂದ ವೈಜಿನಾಥನಿಗೆ ಫೋನು ಮಾಡಿ, "ಕಾಯಿ ಅದ ಏನ್ರಿ? ಮ್ಯಾಲ ಹೋಗಿ ನೋಡಿ ಹೇಳ್ರಿ" ಎಂದು ಪ್ರಾಣ ತಿಂದಳು. ಒಂದು ಕಾಯಿಯಲ್ಲಿ ನೂರು ಬೀಜ. ನೂರು ಸಾಕು, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೇ ತಿಂಗಳ ಕೊನೆಗೆ ಕಾಯಿ ಹಳದಿಯಾಯಿತು. ಈಳಿಗೆಯಲ್ಲಿ ಸೀಳಿದಳು. ಒಳಗೆ ಬೀಜಗಳಿದ್ದವು, ತೆಳ್ಳಗೆ, ಹೊಟ್ಟಿನ ಹಾಗೆ. ನೀರಿನಲ್ಲಿ ಹಾಕಿದಳು. ಒಂದಾದರೂ ಮುಳುಗಲಿ ಎಂದು ಲೋಟದ ಮುಂದೆ ಕುಳಿತಳು. ಎಲ್ಲ ಜೊಳ್ಳು. ಎಲ್ಲವೂ ತೇಲಿದವು.

"ಗಂಜಿನ್ಯಾಗ ಪಾಕೀಟ ಬೀಜ ಸಿಗ್ತಾವ. ತಂದು ಬೂದಿ ಹಚ್ಚಿ ಕಟ್ಟಿಕೊಡು. ಬದನಿ ಅಂದ್ರ ಬದನಿ, ಯಾರಿಗಿ ತಿಳೀತದ?" ಎಂದ ವೈಜಿನಾಥ.

ಆಕೆ ಗಂಡನನ್ನು ಹೇಗೆ ನೋಡಿದಳೆಂದರೆ ಅವನು ಪೇಪರು ಎತ್ತಿಕೊಂಡು ಮುಖ ಮುಚ್ಚಿಕೊಂಡ. ಆದರೂ ಮರುದಿನ ಭಾಲ್ಕಿ ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು ಎಂಬುದು ಸುಳ್ಳಲ್ಲ. ಪುಣೆಯಿಂದ ಶಾಲುಬಾಯಿಯ ಫೋನು ಬಂದಾಗಲೆಲ್ಲ, "ಡ್ಯೂಟಿ ಮ್ಯಾಲ ಇದ್ದೇನಿ" ಎಂದು ಇಟ್ಟುಬಿಡುತ್ತಿದ್ದಳು.

ಜೂನ್ ಎರಡನೆಯ ವಾರ ಮಳೆ ಬಂತು. ಎರಡು ವರ್ಷದ ಸಿಟ್ಟು ತೀರಿಸಿಕೊಳ್ಳುವಂತೆ ಬಂತು. ಇಡೀ ಬೀದರ ಅಂಗಳಕ್ಕಿಳಿದು ನೆನೆಯಿತು. ಕೇಶರಬಾಯಿಯೊಬ್ಬಳಿಗೇ ಆ ಸದ್ದು ಎದೆಯ ಮೇಲೆ ಬಿದ್ದಂತಿತ್ತು. ಹೇಳಿದ ಮಾತಿನಂತೆ ಮರುದಿನವಲ್ಲ, ಮೂರನೆಯ ದಿನ ಬೆಳಿಗ್ಗೆ ಶಾಲುಬಾಯಿ ಬಂದಳು. ಕಪ್ಪಾಗಿದ್ದಳು, ಕೈಬೆರಳುಗಳು ಸಿಮೆಂಟು ತಿಂದು ಬಿರಿದಿದ್ದವು. ಮುಖ ಮಾತ್ರ ಮದುವೆಗೆ ಬಂದವರ ಹಾಗಿತ್ತು. ಗಂಟನ್ನು ಬಾಗಿಲಲ್ಲೇ ಇಳಿಸಿ, "ಬೀಜ ಆಮ್ಯಾಲ ಕೊಡ್ರಿ ಅಕ್ಕಾ, ಮೊದಲು ಗಿಡ ನೋಡ್ತೇನಿ" ಎನ್ನುತ್ತ ಮೆಟ್ಟಿಲು ಹತ್ತಿಯೇಬಿಟ್ಟಳು.

"ಶಾಲೂ, ನಿಂದ್ರು, ಚಾ ಕುಡಿ" ಎಂದು ಕೇಶರಬಾಯಿ ಹಿಂದೆ ಓಡಿದಳು. ಆಕೆ ಮೇಲೆ ತಲುಪುವಷ್ಟರಲ್ಲಿ ಶಾಲುಬಾಯಿ ಸಾಲಿನ ಮುಂದೆ ನಿಂತಿದ್ದಳು. ಕೊನೆಗೆ ಒಣಗಿದ್ದೂ ಸೇರಿ, ಕಿತ್ತೊಗೆಯಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದ ಹತ್ತೊಂಬತ್ತು ಕಡ್ಡಿಗಳು ಮಳೆಯಲ್ಲಿ ನೆನೆದು ಕಪ್ಪಾಗಿದ್ದವು. ಅವುಗಳ ಮೇಲೆ ಖಾಲಿ ಬಾಟಲಿಗಳು ತೂಗುತ್ತಿದ್ದವು.

ಶಾಲುಬಾಯಿ ಒಂದು ಕಡ್ಡಿಯನ್ನು ಮುಟ್ಟಿದಳು. ಅದು ಪಟ್ಟನೆ ಮುರಿಯಿತು.

ಬೂದಿ ಹಚ್ಚಿದ ಪಾಕೀಟಿನ ಬೀಜ, ಇಲಿ ತಿಂದಿತೆಂಬ ಕತೆ, ಮರಿಯಮಬೀಯ ಸೋಡಾ ಪುಡಿ: ಮೂರು ಸುಳ್ಳುಗಳನ್ನು ಕೇಶರಬಾಯಿ ವಾರದಿಂದ ಬಾಯಿಪಾಠ ಮಾಡಿದ್ದಳು. ಒಂದೂ ನಾಲಿಗೆಗೆ ಬರಲಿಲ್ಲ. "ನಾನೇ ಕೊಂದೆ" ಎಂದಳು. "ಫುಕಟ್ ಸಿಗ್ತದಂತ ಮಷೀನಿನ ಹೊಲಸು ನೀರ ಹಾಕಿದೆ. ಉಪ್ಪಿನ ನೀರು. ಹೇಳಿದವರ ಮಾತು ಕೇಳಲಿಲ್ಲ. ಬಾಡಿದ್ವು ಅಂತ ಇನ್ನೂ ಹಾಕಿದೆ. ಒಂದು ಬೀಜನೂ ಉಳದಿಲ್ಲ ಶಾಲೂ. ಬೈಯು. ಎಷ್ಟು ಬೈತೀ ಬೈಯು."

ಶಾಲುಬಾಯಿ ಬೈಯಲಿಲ್ಲ. ಕಮೋಡು, ಹೆಲ್ಮೆಟ್ಟು, ಕೂಲರ್ ಡಬ್ಬಿ ಎಲ್ಲವನ್ನೂ ಒಮ್ಮೆ ನೋಡಿದಳು. ಮುರಿದ ಕಡ್ಡಿ ಇನ್ನೂ ಅವಳ ಕೈಯಲ್ಲಿತ್ತು.

"ಬೀಜ ಎರಡು ವರ್ಷ ನೀರಿಲ್ಲದ ಸಾಯಲಿಲ್ಲ" ಎಂದಳು ಕೊನೆಗೆ. "ನೀರ ಕುಡದು ಸತ್ತವು."

ಇಬ್ಬರೂ ಕೆಳಗಿಳಿದರು. ಶಾಲುಬಾಯಿ ಬಾಗಿಲ ಹತ್ತಿರ, ತನ್ನ ಗಂಟಿನ ಪಕ್ಕದಲ್ಲಿ ಕುಳಿತಳು. ಈ ವರ್ಷ ಸಂತೆಗೆ ಏನು ಒಯ್ಯಲಿ ಎಂದು ಗೋಡೆಯನ್ನು ಕೇಳಿದಳು. ರಾತ್ರಿಯಿಡೀ ರೈಲಿನಲ್ಲಿ ಬಂದವಳು, ಇನ್ನೂ ಒಂದು ಹನಿ ನೀರು ಕೊಟ್ಟಿಲ್ಲವಲ್ಲ ಎಂದು ಕೇಶರಬಾಯಿ ಒಳಗೆ ಹೋಗಿ ತಂಬಿಗೆ ತುಂಬಿ ತಂದು ಚಾಚಿದಳು.

ಶಾಲುಬಾಯಿ ತಂಬಿಗೆಯನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಬಗ್ಗಿ ನೋಡಿದಳು.

"ಇದು ಯಾವ ನೀರು, ಅಕ್ಕಾ?"

ಚುಚ್ಚಿ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. ಅದೇ ಹೆಚ್ಚು ಉರಿಯಿತು. ತಮ್ಮ ಜನರ ಕೈನೀರನ್ನು ಊರವರು ಮುಟ್ಟದಿದ್ದ ಕಾಲವನ್ನು ಸುಭದ್ರಾಬಾಯಿಯ ಬಾಯಿಂದ ಇಬ್ಬರೂ ಕೇಳಿ ಬಲ್ಲವರು. ಇಷ್ಟು ವರ್ಷದಲ್ಲಿ ಕೇಶರಬಾಯಿಯ ಕೈನೀರನ್ನು ಮನೆಯವರೇ ಅನುಮಾನಿಸಿದ್ದು ಇದೇ ಮೊದಲು. ತಪ್ಪು ಅವಳದಲ್ಲ, ತನ್ನದೇ ಎಂಬುದೂ ಗೊತ್ತಿತ್ತು.

ಕೇಶರಬಾಯಿ ತಂಬಿಗೆ ಎತ್ತಿ, ಅವಳೆದುರಿಗೆ ಮೊದಲು ತಾನು ಎರಡು ಗುಟುಕು ಕುಡಿದು ತೋರಿಸಿದಳು. ಆಮೇಲೆ ಶಾಲುಬಾಯಿ ಕೈ ಚಾಚಿದಳು.